ಒಲೆಯ ಹಿಂದಿನ ಸಂದು

ಅಡುಗೆಮನೆ ಗೋಡೆಗೆ ಟೈಲ್ಸ್ ಹಾಕಿಸಿದವರು ಬೀದಿಯಲ್ಲಿ ಕೊಂಚ ತಲೆಯೆತ್ತಿಕೊಂಡೇ ಓಡಾಡುತ್ತಿದ್ದ ಕಾಲ ಅದು. ಸಿದ್ಧಾರ್ಥನಗರದ ನಮ್ಮ ಮನೆಯಲ್ಲೂ ಒಲೆಯ ಹಿಂದೆ ಅಂಗೈಯಗಲದ ಬಿಳಿ ಟೈಲ್ಸ್ ಇದ್ದವು. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಬಿಳಿ ಅನ್ನುವುದು ಹೆಸರಿಗಷ್ಟೇ ಉಳಿದಿತ್ತು. ಒಗ್ಗರಣೆಯ ಹೊಗೆ, ಅರಿಶಿನ, ಬಸ್ಸಾರಿನ ಹಬೆ ಕುಡಿದು ಸಂದುಗಳ ಸಿಮೆಂಟು ಕಪ್ಪಾಗಿ, ಉದುರಿ, ಅಲ್ಲೆಲ್ಲ ಸಣ್ಣ ಕಾಲುವೆಗಳಾಗಿದ್ದವು. ಜಿರಲೆ ಮರಿಗಳು ಅದರಲ್ಲಿ ಆರಾಮಾಗಿ ಸಂಸಾರ ಹೂಡಿದ್ದವು.

ಆ ವರ್ಷ ದಸರಾಕ್ಕೆ ಅಮ್ಮನ ತವರಿನವರು ಬರುವವರಿದ್ದರು. "ಈ ಗೋಡೆ ಇಟ್ಕೊಂಡು ಅವರ ಮುಂದೆ ತಲೆ ಎತ್ತಕ್ಕಾಗಲ್ಲ ಕಣ್ರೀ" ಎಂದು ಅಮ್ಮ ಹಟ ಹಿಡಿದಳು. ಇಷ್ಟಕ್ಕೆಲ್ಲ ಗಾರೆಯವರು ಯಾಕೆ ಎಂದು ಅಪ್ಪ ತಾವೇ ಮಾಡಲು ನಿಂತರು.

ಈ ಕೆಲಸ ಅಜ್ಜಿಗೆ ಬೇಡವಾಗಿತ್ತು. ಯಾಕೆಂದು ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ.

ಅಪ್ಪನ ತಾಯಿಯಾದ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಗಂತ ಅವಳು ಯಾರಿಗೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ತಡಕಿದರೆ ಬಿಸಿ ಪಾತ್ರೆ ತಗಲುತ್ತದೆಂದು ಅವಳು ಗೋಡೆ ಹಿಡಿದೇ ಅಡುಗೆ ಮಾಡುತ್ತಿದ್ದಳು. ಕಿಟಕಿಯಿಂದ ಹೊರಟ ಬೆರಳು ಅಡ್ಡ ಸಂದಿನಲ್ಲೇ ಸಾಗುತ್ತಿತ್ತು. ಉದ್ದ ಸಂದು ಸಿಕ್ಕಲ್ಲಿ ಕೈ ಕೆಳಗಿಳಿಸಿದರೆ ಉಪ್ಪಿನ ಜಾಡಿ, ಮುಂದಿನದರ ಕೆಳಗೆ ಖಾರದಪುಡಿ, ಅದರಾಚೆ ಎಣ್ಣೆ. ಒಮ್ಮೆ ನಾನದನ್ನು ಗಮನಿಸಿ ಕೇಳಿದಾಗ, "ಗೋಡೆ ಸುಡಕ್ಕಿಲ್ಲ ಕಣವ್ವ" ಎಂದಿದ್ದಳು. ಎದುರುಮನೆಯ ಮುದುಕಿಗೆ ಕಣ್ಣು ಹೋದ ಮೇಲೆ ಮಗ ಸೊಸೆ ಒಲೆ ಬಿಡಿಸಿ ವರಾಂಡದ ಕುರ್ಚಿಯಲ್ಲಿ ಕೂರಿಸಿದ್ದರು. ಯಾರಾದರೂ ಕಾಫಿ ತಂದುಕೊಡುವವರೆಗೆ ಆಕೆ ಬೀದಿಯತ್ತ ಮುಖ ಮಾಡಿ ಕೂತಿರುತ್ತಿದ್ದಳು. ಅಜ್ಜಿಗೆ ಕುರುಡುತನಕ್ಕಿಂತ ಆ ಕುರ್ಚಿಯ ಭಯವೇ ಹೆಚ್ಚಾಗಿತ್ತು.

ಭಾನುವಾರ ಬೆಳಗ್ಗೆ ಅಪ್ಪ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿಕೊಂಡು ಸಂದು ಕೆರೆಯತೊಡಗಿದರು. ಕಿರ್ ಕಿರ್ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಉದುರಿದ ಪುಡಿಗೆ ಹಳೇ ಎಣ್ಣೆಯ ಕಮಟು ವಾಸನೆ. ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಅದನ್ನು ಗುಡಿಸುವುದು ನನ್ನ ಕೆಲಸ. ಆಮೇಲೆ ಬೋಗುಣಿಯಲ್ಲಿ ಬಿಳಿ ಸಿಮೆಂಟನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಹವಾಯಿ ಚಪ್ಪಲಿಯ ತುಂಡಿನಿಂದ ಒತ್ತಿ ಒತ್ತಿ ತುಂಬಿದರು.

"ಪೂರ್ತಿ ಮುಚ್ಬೇಡ ಕಣ್ಲಾ, ಒಸಿ ಗುಂಡಿ ಇರ್ಲಿ" ಎಂದಳು ಬಾಗಿಲಲ್ಲಿ ಕೂತಿದ್ದ ಅಜ್ಜಿ.

"ಗುಂಡಿ ಇದ್ರೆ ಮತ್ತೆ ಕೊಳೆ ಕೂರುತ್ತೆ ಸುಮ್ನಿರವ್ವ."

ಸಂಜೆ ಅಪ್ಪ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಗೋಡೆ ಹೊಸ ಪಿಂಗಾಣಿ ತಟ್ಟೆಯಂತಿತ್ತು. ಅಮ್ಮ ಎರಡೆರಡು ಸಲ ಲೈಟು ಹಾಕಿ ನೋಡಿ ಖುಷಿಪಟ್ಟಳು.

ಮಾರನೇ ದಿನ ಅಜ್ಜಿ ಉಪ್ಪೆಸರಿಗೆ ಇಟ್ಟಳು. ಬೆರಳು ಕಿಟಕಿಯಿಂದ ಹೊರಟಿತು, ಎಲ್ಲೂ ತಡೆಯದೆ ಜಾರಿ ಮೂಲೆಗೆ ಹೋಯಿತು. ಮತ್ತೆ ಕಿಟಕಿಗೆ ಬಂತು, ಮತ್ತೆ ಜಾರಿತು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು.

"ಉಪ್ಪು ಎಲ್ಲಿಕ್ಕಿದ್ದೀಯವ್ವ?" ಎಂದು ಅಮ್ಮನನ್ನು ಕೇಳಿದಳು.

"ನಿಮ್ಮ ಮುಂದೇನೇ ಇದೆಯಲ್ಲ ಅತ್ತೆ."

ಅಜ್ಜಿಯ ಕೈ ಹಬೆಯ ಪಕ್ಕದಲ್ಲಿ ಗಾಳಿಯಲ್ಲೇ ನಿಂತಿತ್ತು. ನನಗೆ ಭಯವಾಯಿತು. "ಅಜ್ಜಿಗೆ ಕಾಣಲ್ಲಮ್ಮ, ಸಂದು ಮುಟ್ಕೊಂಡು ಮಾಡ್ತಿದ್ಳು" ಎಂದುಬಿಟ್ಟೆ. ಅಮ್ಮ ಒಲೆ ಆರಿಸಿ ಅಪ್ಪನನ್ನು ಕೂಗಿದಳು.

ಅಪ್ಪ ಬಂದು ನಿಂತಾಗ ಅಜ್ಜಿ ಗೋಡೆಗೆ ಒತ್ತಿಕೊಂಡೇ ನಿಂತಿದ್ದಳು. "ನನ್ನ ಆಚೆ ಕೂರುಸ್ಬೇಡ ಕಣ್ಲಾ" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಪ್ಪ ಬ್ಲೇಡು ತಂದು, ಇನ್ನೂ ಹಸಿಯಾಗಿದ್ದ ಸಿಮೆಂಟನ್ನು ಕಿಟಕಿಯಿಂದ ಮೂಲೆಯವರೆಗೆ ಒಂದೇ ಸಾಲು ಕೆರೆದರು. ಅದಕ್ಕೆ ಸೇರುವ ಉದ್ದ ಸಂದುಗಳನ್ನೂ ಗೇಣುದ್ದ ಬಿಡಿಸಿದರು.

"ಸಾಕಾ ಅವ್ವ?"

ಅಜ್ಜಿ ಬೆರಳಾಡಿಸಿದಳು. "ಉಪ್ಪಿನ ತಾವು ಇನ್ನೊಸಿ ಆಳ ಮಾಡು."

ದಸರಾಕ್ಕೆ ಬಂದ ದೊಡ್ಡಮ್ಮನ ಕಣ್ಣು ನೇರ ಅಲ್ಲಿಗೇ ಹೋಯಿತು. "ಇಷ್ಟು ಚೆನ್ನಾಗಿ ಮಾಡ್ಸಿ ಇದೊಂದು ಗೆರೆ ಯಾಕೆ ಹಂಗೇ ಬಿಟ್ರಿ?"

ಗೋಡೆಗಾಗಿ ಅಷ್ಟು ಹಟ ಹಿಡಿದಿದ್ದ ಅಮ್ಮ ಕಾಫಿ ಸೋಸುತ್ತಲೇ, "ಅದು ನಮ್ಮತ್ತೇದು" ಎಂದಳು.

ಹಬ್ಬ ಕಳೆದ ಮೇಲೆ ಅಜ್ಜಿಗೆ ಪೊರೆ ತೆಗೆಸಿದರು. ಕಣ್ಣು ಬಂದ ಮೇಲೂ ಅವಳ ಬೆರಳು ಆ ಸಾಲನ್ನು ಬಿಡಲಿಲ್ಲ. ಕೊನೆಯವರೆಗೂ ಉಪ್ಪು ಹಾಕಿದವಳು ಅವಳೇ.

ಮೊನ್ನೆ ಜಯಲಕ್ಷ್ಮಿಪುರಂನ ನಮ್ಮ ಮನೆಯ ಅಡುಗೆಮನೆಯಲ್ಲೂ ಹಳೇ ಸಂದು ಕೆರೆಸಿ ಹೊಸದು ತುಂಬಿಸಿದೆ. "ಸಂದು ಇರೋದೇ ಗೊತ್ತಾಗಲ್ಲ ನೋಡಿ ಮೇಡಂ" ಎಂದು ಕೆಲಸದವರು ಹೆಮ್ಮೆಯಿಂದ ತೋರಿಸಿದರು. ನಿಜವಾಗಿಯೂ ಚೆನ್ನಾಗಿ ಮಾಡಿದ್ದರು. ಅವರು ಹೋದ ಮೇಲೆ ಕಿಟಕಿಯಿಂದ ಮೂಲೆಯವರೆಗೆ ಬೆರಳಾಡಿಸಿದೆ. ಇಷ್ಟು ದೊಡ್ಡ ಗೋಡೆಯಲ್ಲಿ, ಇದು ಇಂಥವರದು ಅನ್ನಲು ಒಂದು ಗೆರೆಯೂ ಇಲ್ಲ.