ಕತ್ತರಿಸಿ ನುಂಗುವವರ ಮಾತ್ರೆ

ದೀಪಶ್ರೀ ಹಟಮಾರಿ ಎಂಬುದು ನಾಗಮಂಗಲದ ನಮ್ಮ ಅಕ್ಕಸಾಲಿಗರ ಬೀದಿಗೆಲ್ಲ ಗೊತ್ತು. ಅಪ್ಪ ಮೌನೇಶ್ ಚಿನ್ನದ ಕೆಲಸಕ್ಕೆ ಕೂತರೆ ಬಾಯಿ ಬಿಡುವವರಲ್ಲ. ಅವರ ಪಾಲಿನ ಮಾತನ್ನೂ ಮಗಳೇ ಆಡಿ ಮುಗಿಸುತ್ತಾಳೆ. ಫಾರ್ಮಸಿ ಓದಿದವಳು ಶ್ರೀರಂಗಪಟ್ಟಣದ ಹತ್ತಿರದ ಔಷಧ ಕಾರ್ಖಾನೆಯೊಂದಕ್ಕೆ ಸೇರಿದಳು. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಒಮ್ಮೆಲೇ ಕರಗಿಬಿಡದೆ, ದಿನವಿಡೀ ಸ್ವಲ್ಪಸ್ವಲ್ಪವೇ ಔಷಧ ಬಿಡುವಂತೆ ಮಾಡುವುದು ಅವಳ ಕೆಲಸ.

ಅವರದೇ ಕಾರ್ಖಾನೆಯ ಅಂಥ ಮಾತ್ರೆಯೊಂದು ಅವಳ ಅಜ್ಜಿಯನ್ನೇ ಕೆಡವಿತು. ಕೆ.ಆರ್. ಪೇಟೆಯಲ್ಲಿರುವ ಅಜ್ಜಿ ವೆಂಕಟಮ್ಮನಿಗೆ ಬಿಪಿ. ಮುದ್ದೆಯ ತುತ್ತನ್ನು ಅಗಿಯದೆ ನುಂಗುವ ಗಂಟಲಲ್ಲಿ ಆ ದಪ್ಪ ಮಾತ್ರೆ ಇಳಿಯಲಿಲ್ಲ. ಮುದುಕಿ ಸೋಲುವವಳೇ? ಅಡಕತ್ತರಿಯಲ್ಲಿ ಚೂರು ಮಾಡಿ, ತುತ್ತಿನೊಳಗಿಟ್ಟು ನುಂಗಿದಳು. ಇಡೀ ದಿನಕ್ಕೆಂದು ಇದ್ದ ಔಷಧವೆಲ್ಲ ಒಂದೇ ಏಟಿಗೆ ಮೈಗೆ ಸೇರಿ, ಬಿಪಿ ಕುಸಿದು, ಬಚ್ಚಲ ಬಾಗಿಲಲ್ಲಿ ಬಿದ್ದಳು. ಪುಣ್ಯಕ್ಕೆ ಉಳಿದುಕೊಂಡಳು. ಆಸ್ಪತ್ರೆಯಲ್ಲಿ ಎಲ್ಲರೂ ಬೈದದ್ದು ಅವಳನ್ನೇ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮುರಿಯಬಾರದು ಎಂದು ಇರುವೆಯಷ್ಟು ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ, ಅಚ್ಚು ಹಾಕಿದವರನ್ನು ಯಾರೂ ಏನೂ ಕೇಳಲಿಲ್ಲ.

ದೀಪಶ್ರೀ ಕೇಳಿದಳು. ಅವಳ ಮೇಲಧಿಕಾರಿ ಪಾಲಹಳ್ಳಿಯ ರವೀಂದ್ರ, "ಬರೆದಿದ್ದೀವಲ್ಲಮ್ಮ, ಓದದೆ ಇದ್ರೆ ನಾವೇನ್ ಮಾಡಕ್ಕಾಗುತ್ತೆ?" ಎಂದರು.

"ಓದಕ್ಕೆ ಬರೋರಿಗಷ್ಟೇ ಬಿಪಿ ಬರುತ್ತಾ ಸರ್?"

ಹಳೆಯ ಮಾತ್ರೆಗೆ ಇದ್ದದ್ದು ಒಂದೇ ಹೊದಿಕೆ. ಅದು ಒಡೆದರೆ ಮುಗಿಯಿತು. ಇವಳು ಔಷಧವನ್ನು ಸಾಸಿವೆಗಿಂತ ಸಣ್ಣ ಕಾಳುಗಳಾಗಿ ಮಾಡಿ, ಒಂದೊಂದು ಕಾಳಿಗೂ ಹೊದಿಕೆ ಕೊಟ್ಟು, ಆಮೇಲೆ ಎಲ್ಲವನ್ನೂ ಒತ್ತಿ ಮಾತ್ರೆ ಮಾಡಿದಳು. ಎಲ್ಲಿ ಕತ್ತರಿಸಿದರೂ ಒಡೆಯುವುದು ನಾಲ್ಕಾರು ಕಾಳು ಮಾತ್ರ. ಆದರೆ ಒತ್ತುವ ಯಂತ್ರದ ಭಾರಕ್ಕೇ ಹೊದಿಕೆಗಳು ಬಿರಿದವು. ಬಿಟ್ಟುಬಿಡಿ ಎಂದರು ರವೀಂದ್ರ. ಬಿಡುತ್ತಾಳೆಯೇ? ಹೊದಿಕೆಯನ್ನು ಬಾಗುವಷ್ಟು ಮೆದುವಾಗಿಸಿ, ನಡುವೆ ಔಷಧವಿಲ್ಲದ ಮೆತ್ತನೆಯ ಕಾಳು ಬೆರೆಸಿ, ತಿಂಗಳುಗಟ್ಟಲೆ ಒತ್ತಿದ್ದೇ ಒತ್ತಿದ್ದು. ಕೊನೆಗೊಮ್ಮೆ ಹೊದಿಕೆಗಳು ಬಿರಿಯದೆ ನಿಂತವು.

ಪರೀಕ್ಷೆಯ ದಿನ ಅವಳು ಮಾತ್ರೆಗಳನ್ನು ಹಿಡಿದು ಕ್ಯಾಂಟೀನಿಗೆ ನಡೆದಳು. "ಮನೇಲಿ ಹೆಂಗೆ ಮುರೀತೀರೋ ಹಂಗೇ ಮುರ್ಕೊಡಿ," ಎಂದಳು. ಅಲ್ಲಿನ ಸೋಮಮ್ಮ ಲೋಟದ ತಳದಲ್ಲಿ ಅದುಮಿ ಮುರಿದಳು. ಕಸ ಗುಡಿಸುವಾಕೆ ಸೊಂಟದ ಚೀಲದಿಂದ ಅಡಕತ್ತರಿಯನ್ನೇ ತೆಗೆದಳು. ಆ ಚೂರುಗಳನ್ನು ದೀಪಶ್ರೀ ಮೈಬಿಸಿಯಷ್ಟು ಬೆಚ್ಚಗಿನ ನೀರಿನ ಗಾಜಿನ ಪಾತ್ರೆಗಳಿಗೆ ಹಾಕಿದಳು. ಯಂತ್ರ ಕಲಕುತ್ತಿದ್ದಂತೆ ಔಷಧ ಎಷ್ಟು ಕರಗಿದೆ ಎಂದು ಆಗಾಗ ಅಳೆದಳು. ಹಾಗೆಯೇ ಮುರಿಸಿದ ಹಳೆಯ ಮಾತ್ರೆ ಗಂಟೆಯೊಳಗೇ ಖಾಲಿ. ಇವಳದು ಸಂಜೆಯಾದರೂ ನಿಧಾನವಾಗಿ ಬಿಡುತ್ತಲೇ ಇತ್ತು.

ರವೀಂದ್ರ ತಲೆಯಾಡಿಸಿದರು. "ಲೋಟದಲ್ಲಿ ಮುರಿಯೋ ಪರೀಕ್ಷೆ ಯಾವ ನಿಯಮದಲ್ಲಿದೆ? ಇದು ಲೆಕ್ಕಕ್ಕಿಲ್ಲ. ಈ ಕೆಲಸ ಇವತ್ತಿಗೇ ನಿಲ್ಲಿಸಿ."

ದೀಪಶ್ರೀ ಕದಲಲಿಲ್ಲ. "ನಿಲ್ಲಿಸ್ತೀನಿ. ಮೊದ್ಲು ನಿಮ್ಮ ತಾಯಿಗೆ ಫೋನ್ ಮಾಡಿ ಸರ್. ಅವರೂ ನಮ್ಮ ಹಳೇ ಮಾತ್ರೆನೇ ತಗೊಳ್ಳೋದು ಅಂತ ನೀವೇ ಹೇಳಿದ್ರಲ್ವಾ? ಹೆಂಗೆ ನುಂಗ್ತಾರೆ, ಕೇಳಿ."

ರವೀಂದ್ರರಿಗೆ ರೇಗಿತು. ಅವಳ ಬಾಯಿ ಮುಚ್ಚಿಸಲೆಂದೇ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಎಂಗ್ ನುಂಗಾದು? ಇಡೀದು ಇಳಿಯಾಕಿಲ್ಲ," ಎಂದರು ತಾಯಿ ಅಣ್ಣಮ್ಮ. "ಬಾಗ್ಲು ಸಂದೀಲಿಟ್ಟು ಮುರ್ಕಂಡು ನುಂಗ್ತೀನಿ ಕಣ್ಲಾ."

"ಆಮೇಲೆ ಏನಾದ್ರೂ ಆಗುತ್ತೇನವ್ವ?"

"ವಸಿ ಒತ್ತು ಕಣ್ಣು ಕತ್ಲೆ ಬತ್ತದೆ. ಗ್ವಾಡೆ ಇಡ್ಕಂಡು ಕುಂತ್ಕತೀನಿ. ನೀನೇ ತಂದ್ಕೊಟ್ಟಿರ ಮಾತ್ರೆ ಅಲ್ವಾ, ನೊಂದ್ಕತೀಯ ಅಂತ ಯೋಳ್ನಿಲ್ಲ."

ತಾನು ಬರುವವರೆಗೆ ಅದನ್ನು ಮುಟ್ಟಬೇಡವೆಂದು, ಡಾಕ್ಟರ ಹತ್ತಿರ ಹೋಗೋಣವೆಂದು ಹೇಳಿ ರವೀಂದ್ರ ಫೋನ್ ಇಟ್ಟರು. ದೀಪಶ್ರೀಗೆ ಪಾಪ ಅನ್ನಿಸಿತಂತೆ. ಆದರೂ ನಿಂತ ಜಾಗ ಬಿಡಲಿಲ್ಲ.

"ಈಗ ಹೇಳಿ ಸರ್, ಕೆಲಸ ನಿಲ್ಲಿಸ್ಲಾ?"