ಗಬ್ಬದ ಆವುಗೆ ಬ್ಯಾಡ

"ಯೋಳ್ಲಿಲ್ಲ, ಮಾವ" ಎಂದು ನಾನು ನಾಲ್ಕು ಜನರ ಮುಂದೆ ಅಂದದ್ದು ಸುಳ್ಳು. ಅವರು ಹೇಳಿದ್ದರು. ಒಂದು ಸಲವಲ್ಲ, ನಾಲ್ಕು ಸಲ. ನಾಲ್ಕು ಸಲವೂ ನಾನೇ ಕೈಯಾರೆ ಬರೆದುಕೊಂಡಿದ್ದೆ. ಆಮೇಲೆ ಅದೇ ಕೈಯಿಂದ ಹೊಡೆದುಹಾಕಿದೆ. ಹನ್ನೆರಡು ವರ್ಷ ಈ ಮಾತನ್ನು ಯಾರಿಗೂ ಹೇಳದೆ ಇದ್ದೇನೆ. ಇನ್ನು ಆಗದು.

ಮಲ್ಲಯ್ಯ ಮಾವ ನನ್ನ ತಾಯಿಯ ಅಣ್ಣ. ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಒಕ್ಕಲು ಜನ. ಕಂಬಂ ಕಣಿವೆಯಲ್ಲಿ ದನ ಮೇವು ಬಿಟ್ಟಿತೆಂದರೆ ಎಲ್ಲರೂ ಮಾವನ ಬಾಗಿಲಿಗೇ ಬರುತ್ತಿದ್ದರು. ದೇವರಿಗೆ ಬಿಟ್ಟ ಹಸುಗಳ ಮಂದೆಯೊಂದು ನಮ್ಮವರದಿದೆ. ಅದಕ್ಕೆ ಮದ್ದು ಕೊಡುವ ಹಕ್ಕೂ ಮಾವನದೇ ಆಗಿತ್ತು. ಓದುಬರಹ ಬರದು. ಹತ್ತೊಂಬತ್ತು ಮದ್ದುಗಳು, ಸೊಪ್ಪು, ಬೇರು, ಅಳತೆ ಸಮೇತ ತಲೆಯಲ್ಲಿದ್ದವು. ಆ ತಲೆಯ ಮೇಲೆ ಅವರಿಗಿದ್ದ ನಂಬಿಕೆಯೇ ಅವರ ಆಸ್ತಿ.

ಆ ಮದ್ದುಗಳನ್ನು ಪುಸ್ತಕ ಮಾಡುವ ಹುಚ್ಚು ನನ್ನದು. ಪೆರಿಯಾರು ಹೊಳೆಯ ನೀರು ಕಣಿವೆಗಿಳಿದು, ಬೇಸಾಯ ಹೆಚ್ಚಿ ಊರೂರಿಗೆ ಹೊಸ ಎತ್ತುಗಳು ಬರುತ್ತಿದ್ದ ಕಾಲ. ಮಾವ ಹೇಳಿದರು, ನಾನು ತಮಿಳಿನಲ್ಲಿ ಬರೆದೆ, ಏಕೆಂದರೆ ನಮ್ಮವರೂ ಓದುವುದು ತಮಿಳಕ್ಷರವನ್ನೇ. ದಿಂಡುಗಲ್ಲಿನ ಒಂದು ಅಚ್ಚುಕೂಟದ ಯಜಮಾನ, "ಹಕ್ಕು ನನಗೆ ಬಿಟ್ಟುಕೊಡು, ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ" ಎಂದ. ನಾನು ಒಪ್ಪಲಿಲ್ಲ. ನಮ್ಮ ಪುಸ್ತಕ ನಾವೇ ಹಾಕಿಸಬೇಕು, ನಾವೇ ಮಾರಬೇಕು. ಕಾಗದ ನಾನೇ ಆರಿಸಿದೆ, ಮುಖಪುಟಕ್ಕೆ ಮರದ ಅಚ್ಚಿನಲ್ಲಿ ಹಸುವಿನ ಚಿತ್ರ ಕೊರೆಯಿಸಿದೆ, ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವಷ್ಟು ಸಣ್ಣ ಅಳತೆ ಗೊತ್ತುಮಾಡಿದೆ. ದನಗಳ ಹಬ್ಬವಾದ ಮಾಟುಪೊಂಗಲಿನ ದಿನ ಕಣಿವೆಯ ಜನವೆಲ್ಲ ದೇವರ ಮಂದೆಯ ಬಳಿ ಸೇರುತ್ತದೆ — ಮಾರಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಎಲ್ಲಾ ಲೆಕ್ಕವೂ ಸರಿಯಾಗಿತ್ತು. ನಾನು ಜಾಣ ಎಂದು ನನಗೇ ಅನ್ನಿಸಿತ್ತು.

ಬರೆದದ್ದನ್ನು ಹಿಡಿದು ನಾನು ದಿಂಡುಗಲ್ಲಿಗೆ ಗಾಡಿ ಹತ್ತುವಾಗ ಮಾವ ಒಂದೇ ಒಂದು ಕೇಳಿದ್ದರು: "ಅಚ್ಚು ಹಾಕೋಕ್ ಮುಂದೆ ಒಂದ್ ದಪ ನಂಗೆ ಓದಿ ಯೋಳಪ್ಪ." ಆಗಲಿ ಎಂದಿದ್ದೆ.

ಪೊಂಗಲಿಗೆ ಒಂಬತ್ತೇ ದಿನ ಉಳಿದಿತ್ತು. ಕರಡಚ್ಚು ಕೈಗೆ ಬಂತು. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ. ನಾವು ಗೊತ್ತುಮಾಡಿದ್ದು ಎರಡು ಹಾಳೆ, ಮೂವತ್ತೆರಡು ಪುಟ. ಅಚ್ಚಿನ ಮೊಳೆ ಜೋಡಿಸಿದ ಮೇಲೆ ಎಂಟು ಸಾಲು ಹೆಚ್ಚಾಗಿತ್ತು. ಎಂಟೇ ಸಾಲಿಗೆ ಮೂರನೆಯ ಹಾಳೆ ಹಾಕಿದರೆ ಕೆಲಸ ಹಬ್ಬ ದಾಟುತ್ತದೆ. ಯಜಮಾನ ಮಸಿಗೈ ಒರೆಸಿಕೊಳ್ಳುತ್ತ, "ಎಟ್ಟು ವರಿ ತಾನೇ ತಂಬಿ, ವೆಟ್ಟಿಡು" ಎಂದ. ಎಂಟು ಸಾಲು ತಾನೆ, ಕತ್ತರಿಸು.

ಯಾವುದನ್ನು?

ಮಾವ ಕೆಲವು ಮದ್ದುಗಳನ್ನು ಹೇಳಿ ಮುಗಿಸುವಾಗ ಗಬ್ಬದ ಹಸುವಿನ ವಿಷಯವಾಗಿ ಒಂದೇ ಮಾತು ಆಡುತ್ತಿದ್ದರು — "ಗಬ್ಬದ ಆವುಗೆ ಬ್ಯಾಡ, ಮುಟ್ಟಿಸ್ಲೂ ಬ್ಯಾಡ." ನಮ್ಮ ಹಿರಿಯರು ಹಾಗೆಯೇ; ಮದ್ದು ಹೇಳಿ, ಕೊನೆಗೆ ಹಾಡಿನ ಪಲ್ಲವಿಯಂತೆ ಒಂದು ಮಾತು ಸೇರಿಸದೆ ಬಿಡರು. ಇದು ಅವರ ಬಾಯಿಪಾಠದ ರೂಢಿ, ಅಚ್ಚಿನಲ್ಲಿ ಬೇಕಿಲ್ಲ ಎಂದುಕೊಂಡೆ. ಹತ್ತೊಂಬತ್ತು ಮದ್ದಿನಲ್ಲಿ ನಾಲ್ಕಕ್ಕೆ ಮಾತ್ರ ಅದನ್ನು ಏಕೆ ಹೇಳಿದರು ಎಂದು ಒಂದು ಗಳಿಗೆ ಯೋಚಿಸಿದ್ದರೆ — ಯೋಚಿಸಲಿಲ್ಲ. ನಾಲ್ಕು ಕಡೆ, ಎರಡೆರಡು ಸಾಲು. ಎಂಟಕ್ಕೆ ಎಂಟು ಸರಿಹೋಯಿತು. ಓದಿ ಹೇಳಲು ಕಂಬಂಗೆ ಹೋಗಿಬರುವಷ್ಟು ದಿನ ಎಲ್ಲಿದೆ? ದಾರಿ ನಡುವಿನ ಬತ್ತಲಗುಂಡು ಮುಟ್ಟುವುದರಲ್ಲೇ ಎತ್ತುಗಳು ಸೋಲುತ್ತಿದ್ದವು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ಹಬ್ಬದ ದಿನ ಮಧ್ಯಾಹ್ನದೊಳಗೆ ಒಂದು ಪುಸ್ತಕವೂ ಉಳಿಯಲಿಲ್ಲ. ಮಾವ ಒಂದು ಪ್ರತಿಯನ್ನು ತಲೆಕೆಳಗಾಗಿ ಹಿಡಿದು, ಹಸುವಿನ ಚಿತ್ರವನ್ನು ಬೆರಳಿನಿಂದ ಸವರಿ ನಕ್ಕರು. ಓದಿ ಹೇಳೆಂದು ಮತ್ತೆ ಕೇಳಲಿಲ್ಲ. ನನ್ನನ್ನು ನಂಬಿದ್ದರು.

ಎರಡು ತಿಂಗಳಿಗೆ ದೇವರ ಮಂದೆಯ ಒಂದು ಹಸುವಿಗೆ ಹೊಟ್ಟೆ ಉಬ್ಬಿತು. ಮಾವ ತೇನಿಗೆ ಹೋಗಿದ್ದರು. ಮೊದಲಾಗಿದ್ದರೆ ಕಾಯುತ್ತಿದ್ದರು, ಈಗ ಪುಸ್ತಕವಿತ್ತಲ್ಲ. ಮಂದೆ ಕಾಯುವವನು ಓದಿಸಿಕೊಂಡು ಕಷಾಯ ಕುಡಿಸಿದ. ಐದು ತಿಂಗಳ ಗಬ್ಬ. ಬೆಳಗಾಗುವಷ್ಟರಲ್ಲಿ ಗಬ್ಬ ಇಳಿದು ಕಂದು ಹಾಕಿತು. ಮೂರನೆಯ ದಿನ ತಾಯಿಯೂ ಹೋಯಿತು.

ಮಂದೆಯ ದೊಡ್ಡಿಯ ಬಾಗಿಲಲ್ಲೇ ಹಿರಿಯರು ಕೂತರು. ಪುಸ್ತಕ ಓದಿಸಿದರು. ಮಾವನ ಮುಖ ನಾನು ನೋಡಬಾರದಿತ್ತು, ನೋಡಿದೆ. "ಗಬ್ಬದ ಆವುಗೆ ಬ್ಯಾಡ ಅಂತ ಇಲ್ವಾ? ಸರಿಯಾಗ್ ನೋಡು, ಸಾಮಿ" ಎಂದರು. ಓದಿದವನು ಮತ್ತೆ ಹುಡುಕಿ, ಇಲ್ಲವೆಂದು ತಲೆಯಾಡಿಸಿದ. ಆಗ ನನ್ನ ಕಡೆ ತಿರುಗಿದರು.

"ನಾ ಯೋಳ್ಲಿಲ್ವೇನಪ್ಪ?"

ಗದರಿಸಲಿಲ್ಲ. ಕತ್ತಲಲ್ಲಿ ಗೋಡೆ ತಡಕುವವರಂತೆ ಕೇಳಿದರು. ನಾನು ಸುಮ್ಮನಿದ್ದರೂ ಆಗುತ್ತಿತ್ತು, ಅಷ್ಟಾದರೂ — ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಯೋಳ್ಲಿಲ್ಲ, ಮಾವ."

ಮಾತು ಆಡಿದರೆ ಹೋಯಿತು. ಅವರು ನನ್ನ ಮೇಲೆ ಒಂದು ಚೂರೂ ಅನುಮಾನ ಪಡಲಿಲ್ಲ. ತಮ್ಮ ತಲೆಯ ಮೇಲೆ ಪಟ್ಟರು. "ಅಂಗಾದ್ರೆ ನಾನೇ ಮರ್ತೆ" ಎಂದು ಎದ್ದು, ಮದ್ದಿನ ಚೀಲವನ್ನು ಹಿರಿಯರ ಮುಂದಿಟ್ಟು ನಡೆದುಬಿಟ್ಟರು. ಅಂದಿನಿಂದ ಒಂದು ದನಕ್ಕೂ ಕೈ ಹಚ್ಚಿಲ್ಲ. ಈಗ ಅತ್ತೆ ಹೇಳುತ್ತಾರೆ — ಉಪ್ಪು ತಾ ಎಂದು ತಾವೇ ಹೇಳಿ, ಒಂದು ಗಳಿಗೆಯ ಮೇಲೆ "ಯೋಳಿದ್ನಾ?" ಎಂದು ಕೇಳುತ್ತಾರಂತೆ. ಬಾಗಿಲು ಹಾಕು ಎಂದರೂ "ಯೋಳಿದ್ನಾ?" 

ಇನ್ನೊಂದಿದೆ. ಇಷ್ಟು ಹೊತ್ತೂ ಬಚ್ಚಿಟ್ಟು ಬರೆಯುತ್ತಿದ್ದೇನೆ. ಚಾಳಿ ಬಿಡುವುದಿಲ್ಲ ನೋಡಿ. ಆ ಮೂವತ್ತೆರಡರಲ್ಲಿ ಒಂದು ಇಡೀ ಪುಟ ನನ್ನದು. ಮುನ್ನುಡಿ. ನಾನು ಪಟ್ಟ ಕಷ್ಟ, ನನ್ನ ಹೆಸರು, ನನ್ನ ಊರು, ಕೊನೆಗೆ ನಾನೇ ಕಟ್ಟಿದ ಒಂದು ಪದ್ಯ. ಅದನ್ನು ತೆಗೆದಿದ್ದರೆ ಎಂಟು ಸಾಲೇನು, ಇಪ್ಪತ್ತು ಸಾಲು ಹಿಡಿಯುತ್ತಿತ್ತು. ತೆಗೆಯಬಹುದೆಂದು ಆಗಲೇ ಹೊಳೆದಿತ್ತು ಕೂಡ. ಅವಸರವಲ್ಲ, ಅಜ್ಞಾನವಲ್ಲ. ನನ್ನ ಹೆಸರು ಅಚ್ಚಿನಲ್ಲಿ ಕಾಣಬೇಕಿತ್ತು.

ಮೊನ್ನೆ ದಿಂಡುಗಲ್ಲಿಗೆ ಹೋಗಿದ್ದೆ. ಆ ಎಂಟು ಸಾಲನ್ನೂ, ಅವನ್ನು ಕತ್ತರಿಸಿದವನು ಯಾರು, ಏಕೆ ಎಂಬುದನ್ನೂ ಒಂದು ಹಾಳೆಗೆ ಮೊಳೆ ಕಟ್ಟಿಸಿದ್ದೇನೆ. ಕರಡಚ್ಚು ಈಗ ನನ್ನ ರುಮಾಲಿನಲ್ಲಿದೆ. ಪೊಂಗಲಿನಲ್ಲಿ ಮಂದೆಯ ಮುಂದೆ ಮನೆಮನೆಗೆ ಹಂಚುವವನಿದ್ದೇನೆ. ಹಿರಿಯರು ಏನು ತೀರ್ಪು ಕೊಟ್ಟರೂ ಸರಿ. ಆದರೆ ಅಚ್ಚಾಗುವ ಮೊದಲು ಒಬ್ಬರಿಗೆ ಓದಿ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಆಗಲಿ ಎಂದು ಗಾಡಿ ಹತ್ತಿದ್ದೆನಲ್ಲ. ನಾಳೆ ಕಂಬಂ ಸೇರುತ್ತೇನೆ. ಅವರ ಕಾಲ ಬಳಿ ಕೂತು, ಹಾಳೆ ಬಿಚ್ಚುವ ಮುಂಚೆ ಮೊದಲು ಇಷ್ಟು ಅನ್ನಬೇಕು —

ನೀ ಯೋಳಿದ್ದೆ, ಮಾವ. ನಾಕ್ ದಪನೂ ಯೋಳಿದ್ದೆ. ನೀ ಏನೂ ಮರ್ತಿಲ್ಲ.