ಬೆರಿಲ್ ಅಡ್ಡಡ್ಡ ಇಟ್ಟ ಚಿಪ್

ಬೆರಿಲ್ ಟ್ರೆಗೀರಳ ಕೈ ಎಷ್ಟು ಸ್ಥಿರವೆಂದರೆ, ಹಾರುವ ಸೊಳ್ಳೆಗೆ ಮೂಗುಬೊಟ್ಟು ಇಟ್ಟು, ತಿರುಪು ಬಿಗಿದು ಕಳಿಸಬಲ್ಲಳು. ಪರ್ತ್‌ನ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೂದಲಿಗಿಂತ ತೆಳ್ಳನೆಯ ತಂತಿಗಳನ್ನು ಚಿಪ್‌ಗಳಿಗೆ ಬೆಸೆದವಳು. ಅವಳು ಹೆದರುತ್ತಿದ್ದುದು ಫೆಬ್ರವರಿಯ ಮೂಡುಗಾಳಿಗೆ ಮಾತ್ರ. ಆ ಒಣಗಾಳಿಯಲ್ಲಿ ಬಾಗಿಲ ಹಿಡಿ ಮುಟ್ಟಿದರೂ ಕಿಡಿ. ನಮಗದು ಚಿವುಟಿದಷ್ಟೇ, ಚಿಪ್‌ನೊಳಗಿನ ಕಾಂತದ ಚುಕ್ಕಿಗೆ ಸಿಡಿಲು.

ಆ ವರ್ಷ ನಲವತ್ತು ಚಿಪ್‌ಗಳಲ್ಲಿ ಬದುಕಿದ್ದುದು ಒಂದೇ. ಅದರ ಮೊಟ್ಟೆಯಾಕಾರದ ಚುಕ್ಕಿಯಲ್ಲಿ ಕಾಂತದ ಅಲೆ ಗಾಳಿಗೆ ತೂಗುವ ತೆನೆಗಳಂತೆ ಹರಿಯುತ್ತದೆ. ಒಂದು ಅಲೆ ಮಾತ್ರ ಅಂಚಿನಲ್ಲೇ ನಿಂತು ನಡುಗುತ್ತದೆ, ಒಳಕ್ಕೆ ಬಾರದು ಎಂದು ಲೆಕ್ಕ ಹೇಳುತ್ತಿತ್ತು; ಕಂಡವರಿಲ್ಲ. ಅದನ್ನು ಹುಡುಕಿ ಹುಡುಕಿ ನಮ್ಮ ಮುಖ್ಯಸ್ಥ ಇಯನ್ ಅರ್ಧ ಬೋಳಾಗಿದ್ದ. ಈ ಚಿಪ್ ಸತ್ತರೆ ಕೆಲಸ ಮುಚ್ಚುತ್ತದೆ, ಬೆರಿಲ್ ಮನೆಗೆ.

ಮೂಡುಗಾಳಿಯ ಒಂದು ಬೆಳಿಗ್ಗೆ ಅವಳು ಚಿಮಟದಲ್ಲಿ ಚಿಪ್ ಎತ್ತಿದಳು. ಚಟ್!

"ಕ್ಲಿಫ್, ಕೇಳಿಸ್ತಾ?"

ಪಕ್ಕದ ಮೇಜಿನಲ್ಲಿ ಗಾಜು ಊದುತ್ತಿದ್ದ ನಾನು, "ನನ್ನ ಮಂಡಿ ಇರ್ಬೇಕು," ಎಂದೆ.

"ಮುಚ್ಚೋ ಬಾಯಿ."

ಮೈಯ ಕರೆಂಟನ್ನು ನೆಲಕ್ಕಿಳಿಸುವ ಮುಂಗೈ ಪಟ್ಟಿ ಕಟ್ಟಿದ್ದಳು. ಅದರ ತಂತಿಯೇ ಕಳಚಿ ನೇತಾಡುತ್ತಿತ್ತು. ಅವಳ ಮುಖ ಸುಣ್ಣವಾಯಿತು. ಗಡಬಡಿಸಿ ಚಿಪ್ ಅನ್ನು ಅಳೆಯುವ ಯಂತ್ರದ ಕಾಂತದ ಬಾಯಿಗಿಟ್ಟಳು. ಅಷ್ಟರಲ್ಲಿ ಇಯನ್ ಬಂದ.

"ಏನ್ರಪ್ಪಾ, ಯಾರು ಸತ್ರು?"

"ಇನ್ನೂ ಗೊತ್ತಿಲ್ಲ," ಎಂದಳು.

ಯಂತ್ರ ಹಾಕಿದ. ಪರದೆಯ ಗೆರೆಯಲ್ಲಿ ಒಳಗಿನ ಅಲೆಗಳ ಗುರುತಾಗಿ ಏಳಬೇಕಿದ್ದ ದೊಡ್ಡ ಗುಡ್ಡ ಏಳಲಿಲ್ಲ. ಗೆರೆ ಹೆಣದ ಹಾಗೆ ಮಲಗಿತ್ತು.

"ನಾನೇ ಕೊಂದೆ ಇಯನ್. ತಂತಿ ಬಿಚ್ಚಿತ್ತು, ನೋಡ್ಲಿಲ್ಲ."

ನನ್ನ ಕೈಯ ಬಿಸಿ ಗಾಜೂ ಆಗ ಬೆವರಿತು. ಇಯನ್ ಪರದೆಯ ಎಡಮೂಲೆಗೆ ಮೂಗು ತಾಗಿಸಿದ. ಅಲ್ಲೊಂದು ಪುಟ್ಟ ದಿಬ್ಬ.

"ಸತ್ತೋರು ನಡುಗಲ್ಲ ಬೆರಿಲ್. ಚಿಪ್ ಹೆಂಗಿಟ್ಟೆ?"

ನೋಡಿದರೆ, ದಿಕ್ಕು ತಿಳಿಯಲು ಚಿಪ್‌ನ ಮೂಲೆಗೆ ಹಾಕಿದ ಗುರುತು ಇರಬೇಕಾದ ಕಡೆ ಇಲ್ಲ. ಹೆದರಿಕೆಯಲ್ಲಿ ಅಡ್ಡಡ್ಡ ಇಟ್ಟಿದ್ದಳು. ಮೊಟ್ಟೆಯಾಕಾರದ ಚುಕ್ಕಿ ತಿರುಗಿದ್ದರಿಂದ ದೊಡ್ಡ ಗುಡ್ಡ ಪರದೆಯಾಚೆ ಸರಿದು, ಇಯನ್ ಹುಡುಕುತ್ತಿದ್ದ ಅಂಚಿನ ಅಲೆ ತಾನೇ ಮುಖ ತೋರಿಸಿತ್ತು.

"ಈಗ ನೆಟ್ಟಗೆ ತಿರುಗ್ಸು. ಹೋಲಿಸಿ ನೋಡ್ಬೇಕು," ಎಂದ ಇಯನ್.

"ಮತ್ತೆ ಮುಟ್ಬೇಕಾ?"

ಪಟ್ಟಿಯ ತಂತಿಯ ಕೊನೆಯನ್ನು ನಾನೇ ನೆಲದ ಕೊಂಡಿಗೆ ಒತ್ತಿ ಹಿಡಿದೆ. ಸೊಳ್ಳೆಗೆ ಮೂಗುಬೊಟ್ಟಿಡುವ ಕೈ ಗಡಗಡ ನಡುಗುತ್ತಲೇ ತಿರುಗಿಸಿತು. ಗುಡ್ಡ ಎದ್ದಿತು. ಚಿಪ್ ಬದುಕಿತ್ತು; ಚಟ್ ಎಂದದ್ದು ನನ್ನ ಮಂಡಿಯೇ ಇರಬೇಕು.

ನಿವೃತ್ತಿಯ ದಿನ ಕೇಕ್ ಕತ್ತರಿಸುವಾಗಲೂ ಆ ಪಟ್ಟಿ ಬೆರಿಲ್‌ಳ ಮುಂಗೈಯಲ್ಲಿತ್ತು. ತಂತಿ ಗಟ್ಟಿಯಾಗಿದೆಯೇ ಎಂದು ಮೂರು ಸಲ ಎಳೆದು ನೋಡಿಯೇ ಚಾಕು ಹಿಡಿದಳು.